ಪೆಟ್ಟಿಗೆಯೊಳಗಿನ ಪಾಠಾಂತರಗಳು

‘ದಿ ಫ್ಯುಜಿಟಿವ್’ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1963ರಿಂದ 1967ರವರೆಗೆ ಪ್ರಸಾರವಾದ ಧಾರಾವಾಹಿ. ಹೆಂಡತಿಯನ್ನು ಕೊಂದನೆಂಬ ಸುಳ್ಳು ಆರೋಪ ಹೊತ್ತ ವೈದ್ಯನೊಬ್ಬ ಪೊಲೀಸರಿಂದ ತಪ್ಪಿಸಿಕೊಂಡು, ನಿಜವಾದ ಕೊಲೆಗಾರನಾದ ಒಂಟಿಗೈಯವನನ್ನು ಹುಡುಕುತ್ತ ಊರೂರು ಅಲೆಯುವ ಕಥೆ. ಇದರ ಎರಡನೆಯ ವರ್ಷದ ಕಂತುಗಳ ಮೊದಲ ಭಾಗ 2008ರಲ್ಲಿ ಡಿವಿಡಿಯಾಗಿ ಬಂತು. ಚಿತ್ರ ಚೊಕ್ಕವಾಗಿತ್ತು, ಮಾತು ಸ್ಪಷ್ಟವಾಗಿತ್ತು. ಆದರೆ ನಾಯಕ ಡೇವಿಡ್ ಜ್ಯಾನ್ಸನ್ ಕತ್ತಲ ರಸ್ತೆಯಲ್ಲಿ ತಲೆತಗ್ಗಿಸಿ ನಡೆಯುವಾಗ ಹಿಂದಿನಿಂದ ಕೇಳಿಬರಬೇಕಾಗಿದ್ದ ಸಂಗೀತ ಅಲ್ಲಿರಲಿಲ್ಲ. ಪೀಟ್ ರುಗೊಲೊ ಅವರ ವಾದ್ಯವೃಂದದ ಜಾಗದಲ್ಲಿ, ನಲವತ್ತು ವರ್ಷ ಕಳೆದ ಮೇಲೆ ಯಾರೋ ಸಿಂಥಸೈಜರಿನಲ್ಲಿ ನುಡಿಸಿದ ಹೊಸ ಸಂಗೀತ ಬಂದು ಕೂತಿತ್ತು.

ಈ ಧಾರಾವಾಹಿಯಲ್ಲಿ ರುಗೊಲೊ ಕೃತಿಗಳ ಜೊತೆಗೆ ಸಂಗೀತ ಭಂಡಾರಗಳಿಂದ ಎರವಲು ತಂದ ತುಣುಕುಗಳೂ ಸೇರಿಹೋಗಿದ್ದವು. ಯಾವ ತುಣುಕಿನ ಹಕ್ಕು ಯಾರದೆಂದು ಬಿಡಿಸಿ ನೋಡುವ ತಾಪತ್ರಯವೇ ಬೇಡವೆಂದು ಎಲ್ಲವನ್ನೂ ಒಟ್ಟಿಗೆ ಅಳಿಸಿದ್ದರು. ಕೊಂಡವರು ಸುಮ್ಮನಿರಲಿಲ್ಲ. ಯಾವ ಕಂತಿನ ಯಾವ ದೃಶ್ಯದಲ್ಲಿ ಏನು ಬದಲಾಗಿದೆಯೆಂದು ಹಳೆಯ ಕ್ಯಾಸೆಟ್‌ಗಳ ಜೊತೆ ಹೋಲಿಸಿ ಪಟ್ಟಿ ಮಾಡಿದರು, ಪತ್ರ ಬರೆದರು. ಮರುವರ್ಷ ಹಳೆಯ ಸಂಗೀತವಿರುವ ಬದಲಿ ಡಿಸ್ಕ್‌ಗಳು ಬಂದವು.

ಆ ಹೋಲಿಕೆಯ ಕೆಲಸಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ಗ್ರಂಥಸಂಪಾದನೆ. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಲಿಪಿಕಾರ ಕೈಬಿಟ್ಟದ್ದು ಎಷ್ಟು, ತಾನೇ ಸೇರಿಸಿದ್ದು ಯಾವುದು, ಕವಿಯ ಪಾಠ ಯಾವುದು ಎಂದು ನಮ್ಮ ವಿದ್ವಾಂಸರು ಸಾಲುಸಾಲಾಗಿ ನೋಡಿದರಲ್ಲ, ಅದೇ ಕೆಲಸ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಗ್ರಂಥಪಾತ, ಪ್ರಕ್ಷಿಪ್ತ, ಪಾಠಾಂತರ ಎಂಬ ಮಾತುಗಳು ಗೊತ್ತು. ಹಳೆಯ ಟೀವಿ ಧಾರಾವಾಹಿಗಳನ್ನು ಸಂಗ್ರಹಿಸುವ ಹವ್ಯಾಸದ ಚರಿತ್ರೆಯನ್ನು ಆ ಮಾತುಗಳಲ್ಲೇ ಹೇಳಬಹುದೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಅಂಗಡಿಯಲ್ಲಿ ಸಿಗುವ ಪ್ರತಿ ಪೆಟ್ಟಿಗೆಯೂ ಒಂದು ಪಾಠ. ಅದು ಮೂಲವೋ ಅಲ್ಲವೋ ಎಂಬುದನ್ನು ಪೆಟ್ಟಿಗೆಯ ಮೇಲಿನ ಬರಹ ಹೇಳುವುದು ಅಪರೂಪ.

ಮೂಲಪ್ರತಿ ಎನ್ನುವುದೇ ಟೀವಿಯಲ್ಲಿ ಮೊದಮೊದಲು ಇರಲಿಲ್ಲ. ಕಾರ್ಯಕ್ರಮ ನೇರವಾಗಿ ಪ್ರಸಾರವಾಗಿ ಗಾಳಿಗೆ ಸೇರಿಹೋಗುತ್ತಿತ್ತು. ದೂರದ ಊರಿನ ಕೇಂದ್ರಗಳಿಗೆ ಕಳಿಸಲು ಟೀವಿ ಪರದೆಯನ್ನೇ ಕ್ಯಾಮೆರಾದಲ್ಲಿ ಚಿತ್ರೀಕರಿಸುತ್ತಿದ್ದರು. ಕಿನಿಸ್ಕೋಪ್ ಎಂಬ ಆ ಪ್ರತಿ ಮಸುಕು ಮಸುಕಾಗಿರುತ್ತಿತ್ತು. 1951ರ ಅಕ್ಟೋಬರ್ 15ರಂದು ಸಿಬಿಎಸ್‌ನಲ್ಲಿ ಶುರುವಾದ ‘ಐ ಲವ್ ಲೂಸಿ’ಯನ್ನು ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ದಂಪತಿ 35 ಮಿಲಿಮೀಟರ್ ಫಿಲ್ಮಿನಲ್ಲಿ, ಪ್ರೇಕ್ಷಕರ ಎದುರು, ಮೂರು ಕ್ಯಾಮೆರಾ ಇಟ್ಟು ತೆಗೆದರು. ಕ್ಯಾಮೆರಾ ಕೆಲಸ ಕಾರ್ಲ್ ಫ್ರಾಯಿಂಡ್ ಅವರದು. ಆ ಒಂದು ತೀರ್ಮಾನದಿಂದಾಗಿ ಎಪ್ಪತ್ತು ವರ್ಷ ದಾಟಿದ ಮೇಲೂ ಲೂಸಿಯ ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಆದರೆ ಅಲ್ಲೂ ಪಾಠಭೇದ ಬಂತು. ಮೊದಲ ಪ್ರಸಾರದಲ್ಲಿ ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟಿನ ಪ್ಯಾಕ್ ಜೊತೆ ಕಡ್ಡಿಗೊಂಬೆಗಳಂಥ ಲೂಸಿ ಮತ್ತು ಕಥೆಯಲ್ಲಿ ಅವಳ ಗಂಡನಾದ ರಿಕಿ ಶೀರ್ಷಿಕೆಯಲ್ಲಿ ಕುಣಿದಾಡುತ್ತಿದ್ದರು. ಮರುಪ್ರಸಾರಕ್ಕೆ ಸಿಗರೇಟು ಬೇಡವಾಯಿತು, ರೇಷ್ಮೆ ಬಟ್ಟೆಯ ಮೇಲೆ ಹೃದಯದ ಚಿತ್ರ ಬಂತು. ಜಗತ್ತಿನ ಬಹುಪಾಲು ಜನ ಈ ಧಾರಾವಾಹಿಯನ್ನು ಗುರುತಿಸುವುದು ಆ ಹೃದಯದಿಂದಲೇ, ಮೂಲದಲ್ಲಿ ಅದು ಇರಲೇ ಇಲ್ಲ.

ಮರುಪ್ರಸಾರದ ಮಾರುಕಟ್ಟೆ ತಂದ ಇನ್ನೊಂದು ಸಂಗತಿ ಕತ್ತರಿ. 1950–60ರ ದಶಕಗಳಲ್ಲಿ ಅರ್ಧ ಗಂಟೆಯ ಕಂತೆಂದರೆ ಸುಮಾರು ಇಪ್ಪತ್ತೈದು ನಿಮಿಷ. ಜಾಹೀರಾತು ಹೆಚ್ಚಾದಂತೆ ಸ್ಥಳೀಯ ಕೇಂದ್ರಗಳಿಗೆ ಅದು ಉದ್ದವಾಯಿತು. ಎರಡು ಮೂರು ನಿಮಿಷ ಕತ್ತರಿಸಿದ ಪ್ರತಿಗಳು ತಯಾರಾದವು. ಕಥೆಗೆ ಧಕ್ಕೆಯಾಗಬಾರದೆಂದು ಕತ್ತರಿಸುವವರು ಆರಿಸಿಕೊಳ್ಳುತ್ತಿದ್ದದ್ದು ಸಣ್ಣ ಹಾಸ್ಯ, ಬಾಗಿಲಲ್ಲಿ ನಿಂತು ಆಡುವ ಎರಡು ಮಾತು, ಒಂದು ಮೌನ. ಅಭಿಮಾನಿಗಳ ನೆನಪಿನಲ್ಲಿ ಉಳಿಯುವುದೂ ಅಂಥವೇ. ಇವು ನಮ್ಮ ಗ್ರಂಥಪಾತಗಳು.

ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಅದರ ಪ್ರತಿಸ್ಪರ್ಧಿ ವಿಎಚ್‌ಎಸ್ ಮರುವರ್ಷ ಜಪಾನಿನಲ್ಲಿ ಬಂದ ಮೇಲೆ ನೋಡುಗನೇ ಲಿಪಿಕಾರನಾದ. ಮನೆಯಲ್ಲಿ ಟೀವಿಯನ್ನು ರೆಕಾರ್ಡ್ ಮಾಡಿಕೊಳ್ಳುವುದು ಕಳ್ಳತನವೆಂದು ಯೂನಿವರ್ಸಲ್ ಮತ್ತು ಡಿಸ್ನಿ ಕೋರ್ಟಿಗೆ ಹೋದವು. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ, ಆಮೇಲೆ ನೋಡಲೆಂದು ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಎಂದಿತು. ಒಬ್ಬ ನ್ಯಾಯಮೂರ್ತಿ ಆಚೆ ವಾಲಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲವೇನೋ. ಮಧ್ಯರಾತ್ರಿ ಎದ್ದು, ಜಾಹೀರಾತು ಬಂದಾಗ ಪಾಸ್ ಗುಂಡಿ ಒತ್ತಿ, ಮುಗಿದ ಕೂಡಲೇ ಬಿಟ್ಟು, ಕ್ಯಾಸೆಟ್ಟಿನ ಬೆನ್ನಿಗೆ ಕಂತಿನ ಹೆಸರು ಬರೆದು ಜೋಡಿಸಿಟ್ಟವರ ಪ್ರತಿಗಳೇ ಮುಂದೆ ಎಷ್ಟೋ ಡಿವಿಡಿಗಳ ತಪ್ಪನ್ನು ಹಿಡಿದುಕೊಟ್ಟವು.

ಬ್ರಿಟನ್ನಿನಲ್ಲಿ ಪ್ರತಿಗಳ ಕಥೆ ಇನ್ನೂ ಕಟು. ಬಿಬಿಸಿ ಅರವತ್ತು ಎಪ್ಪತ್ತರ ದಶಕಗಳಲ್ಲಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ‘ಡಾಕ್ಟರ್ ಹೂ’ವಿನ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಹೋದವು. ಟೀವಿಯ ಎದುರು ಟೇಪ್‌ರೆಕಾರ್ಡರ್ ಇಟ್ಟು ಧ್ವನಿಯನ್ನಷ್ಟೇ ಹಿಡಿದಿಟ್ಟಿದ್ದ ಹುಡುಗರಿದ್ದರು. ಅವರಿಂದಾಗಿ ಅಳಿದುಹೋದ ಕಂತುಗಳ ಧ್ವನಿ ಇಂದಿಗೂ ಇದೆ, ಅದಕ್ಕೆ ಆನಿಮೇಶನ್ ಕೂಡಿಸಿ ಡಿಸ್ಕ್ ತರಲು ಸಾಧ್ಯವಾಗಿದೆ.

ಅಂಗಡಿಯ ಕ್ಯಾಸೆಟ್ಟುಗಳ ಕಾಲದಲ್ಲಿ ಸಂಗ್ರಹವೆಂದರೆ ಜಾಗದ ಮಾತು. ಪ್ಯಾರಮೌಂಟ್ ‘ಸ್ಟಾರ್ ಟ್ರೆಕ್’ನ 79 ಕಂತುಗಳನ್ನು ಒಂದು ಕ್ಯಾಸೆಟ್ಟಿಗೆ ಒಂದರಂತೆ ಮಾರಿತು. ಕೊಲಂಬಿಯಾ ಹೌಸ್ ಎಂಬ ಅಂಚೆ ಮಾರಾಟ ಸಂಸ್ಥೆ ಎರಡೆರಡು ಕಂತುಗಳ ಕ್ಯಾಸೆಟ್ಟನ್ನು ಚಂದಾದಾರರಿಗೆ ಕಳಿಸುತ್ತಿತ್ತು. ಪೂರ್ತಿಯಾಗುವಷ್ಟರಲ್ಲಿ ವರ್ಷಗಳು ಕಳೆಯುತ್ತಿದ್ದವು, ಗೋಡೆಯೊಂದು ತುಂಬುತ್ತಿತ್ತು.

ಇದೇ ‘ಸ್ಟಾರ್ ಟ್ರೆಕ್’ನ ಮೊಟ್ಟಮೊದಲ ಕಂತು ‘ದಿ ಕೇಜ್’ನ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. 1964ರ ಕೊನೆಯಲ್ಲಿ ಚಿತ್ರೀಕರಿಸಿದ ಇದರಲ್ಲಿ ನೌಕೆಯ ಕ್ಯಾಪ್ಟನ್ ಕರ್ಕ್ ಅಲ್ಲ, ಜೆಫ್ರಿ ಹಂಟರ್ ಮಾಡಿದ ಪೈಕ್. ಎನ್‌ಬಿಸಿಗೆ ಅದು ಹಿಡಿಸಲಿಲ್ಲ. ಎರಡು ವರ್ಷಗಳ ನಂತರ ಕಂತುಗಳ ಕೊರತೆ ಬಿದ್ದಾಗ ಅದರ ನೆಗೆಟಿವ್ವನ್ನೇ ಕತ್ತರಿಸಿ ‘ದಿ ಮೆನಜರಿ’ ಎಂಬ ಎರಡು ಭಾಗದ ಕಂತಿನೊಳಕ್ಕೆ ಹೊಲಿದರು. ಉಳಿದ ಚೂರುಗಳು ಕಳೆದುಹೋದವೆಂದೇ ಎಲ್ಲರೂ ನಂಬಿದ್ದರು. ಸೃಷ್ಟಿಕರ್ತ ಜೀನ್ ರಾಡನ್‌ಬರಿ ಅವರ ಬಳಿ ಒಂದು ಕಪ್ಪು ಬಿಳುಪು 16 ಮಿಲಿಮೀಟರ್ ಪ್ರತಿ ಇತ್ತು, ಅದನ್ನು ಅವರು ಉಪನ್ಯಾಸಗಳಿಗೆ ಒಯ್ದು ತೋರಿಸುತ್ತಿದ್ದರು. 1986ರಲ್ಲಿ ಬಂದ ಕ್ಯಾಸೆಟ್ಟಿನಲ್ಲಿ ಬಣ್ಣದ ದೃಶ್ಯಗಳ ನಡುನಡುವೆ ಈ ಕಪ್ಪು ಬಿಳುಪಿನ ತುಣುಕುಗಳನ್ನು ಸೇರಿಸಿದ್ದರು. ಒಂದು ವಾಕ್ಯ ಬಣ್ಣದಲ್ಲಿ ಶುರುವಾಗಿ ಬೂದುಬಣ್ಣದಲ್ಲಿ ಮುಗಿಯುತ್ತದೆ. ಕಳೆದ ಬಣ್ಣದ ಚೂರುಗಳು ಬಳಿಕ ಸಿಕ್ಕವು. 1988ರಲ್ಲಿ ಪೂರ್ಣ ಬಣ್ಣದ ಪ್ರತಿ ಟೀವಿಯಲ್ಲಿ ಬಂತು. ಆದರೂ ಆ ಅರೆಬಣ್ಣದ ಕ್ಯಾಸೆಟ್ಟನ್ನು ಎಸೆಯದ ಸಂಗ್ರಾಹಕರಿದ್ದಾರೆ. ಎಲ್ಲಿ ಕತ್ತರಿ ಬಿದ್ದಿತ್ತು ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಪ್ರತಿ ಅದೊಂದೇ.

ಡಿವಿಡಿ ಅಮೆರಿಕಕ್ಕೆ 1997ರಲ್ಲಿ ಬಂದರೂ ಟೀವಿ ಧಾರಾವಾಹಿಗಳ ಮಟ್ಟಿಗೆ ಬಾಗಿಲು ತೆರೆದದ್ದು 2000ದ ಮೇ ತಿಂಗಳಲ್ಲಿ. ಫಾಕ್ಸ್ ಸಂಸ್ಥೆ ‘ದಿ ಎಕ್ಸ್-ಫೈಲ್ಸ್’ನ ಮೊದಲ ವರ್ಷದ 24 ಕಂತುಗಳನ್ನು ಏಳು ಡಿಸ್ಕ್‌ಗಳಲ್ಲಿ, ಒಂದೇ ಪೆಟ್ಟಿಗೆಯಲ್ಲಿ ತಂದಿತು. ಬೆಲೆ ಸುಮಾರು 150 ಡಾಲರ್. ಅಷ್ಟು ಕೊಡುವವರು ಯಾರೆಂದು ಕೇಳಿದವರಿಗೆ ಮಾರಾಟವೇ ಉತ್ತರ ಕೊಟ್ಟಿತು. ಆರಿಸಿದ ಕಂತುಗಳ ಬದಲು ಇಡೀ ವರ್ಷ, ಪ್ರಸಾರವಾದ ಕ್ರಮದಲ್ಲೇ, ಪುಸ್ತಕದಂತೆ ಕಪಾಟಿನಲ್ಲಿ ನಿಲ್ಲುವಂತಾಯಿತು. ವ್ಯಾಪಾರದ ಬಲವೂ ಸಣ್ಣದಲ್ಲ: 2002ರಲ್ಲಿ ನಿಂತುಹೋಗಿದ್ದ ‘ಫ್ಯಾಮಿಲಿ ಗೈ’ 2005ರಲ್ಲಿ ಟೀವಿಗೆ ಮರಳಲು ಅದರ ಡಿವಿಡಿಗಳ ಮಾರಾಟವೂ ಒಂದು ದೊಡ್ಡ ಕಾರಣ.

ಪೂರ್ತಿ ವರ್ಷವೆಂದು ಪೆಟ್ಟಿಗೆಯ ಮೇಲೆ ಬರೆದ ಮೇಲೆ ಒಳಗಿರುವುದು ನಿಜಕ್ಕೂ ಪೂರ್ತಿಯೇ ಎಂದು ಜನ ನೋಡತೊಡಗಿದರು. 2005ರಲ್ಲಿ ಬಂದ ‘ದಿ ಕಾಸ್ಬಿ ಶೋ’ ಮತ್ತು ‘ರೋಸಾನ್’ ಎರಡರ ಮೊದಲ ವರ್ಷದ ಡಿಸ್ಕ್‌ಗಳಲ್ಲಿದ್ದದ್ದು ಮರುಪ್ರಸಾರಕ್ಕೆಂದು ಕತ್ತರಿಸಿದ ಪ್ರತಿಗಳು. ‘ಟ್ವಿನ್ ಪೀಕ್ಸ್’ನ 2001ರ ಪೆಟ್ಟಿಗೆಯಲ್ಲಿ ಕಥೆ ಹುಟ್ಟುವ ಮೊದಲ ಕಂತೇ ಇರಲಿಲ್ಲ, ಅದರ ಹಕ್ಕು ಬೇರೆಯವರದಾಗಿತ್ತು. 2007ರ ಚಿನ್ನದ ಬಣ್ಣದ ಪೆಟ್ಟಿಗೆ ಬರುವವರೆಗೆ ಜನ ಕಾದರು.

ಎಲ್ಲಕ್ಕಿಂತ ದೊಡ್ಡ ಜಗಳ ಹಾಡುಗಳದು. ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ (1978–82) ಒಂದು ರೇಡಿಯೊ ಕೇಂದ್ರದ ಕಥೆ. ಡಿಜೆಗಳು ಹಾಕುವ ತಟ್ಟೆಗಳು ಆ ಕಾಲದ ನಿಜವಾದ ಹಾಡುಗಳು. ಫಿಲ್ಮಿಗಿಂತ ವಿಡಿಯೊಟೇಪಿನ ಕಾರ್ಯಕ್ರಮಗಳಿಗೆ ಹಾಡಿನ ಪರವಾನಗಿ ಆಗ ಅಗ್ಗವಾಗಿದ್ದುದರಿಂದ ಅದನ್ನು ಟೇಪಿನಲ್ಲೇ ತೆಗೆದಿದ್ದರು. ಆದರೆ ಪರವಾನಗಿ ಕೆಲವೇ ವರ್ಷಗಳದು, ಮನೆಗೆ ಮಾರುವ ಕ್ಯಾಸೆಟ್ಟನ್ನು ಯಾರೂ ಯೋಚಿಸಿರಲಿಲ್ಲ. ಅವಧಿ ಮುಗಿದ ಮೇಲೆ ಹಾಡುಗಳ ಜಾಗದಲ್ಲಿ ಹೆಸರಿಲ್ಲದ ಸಂಗೀತ ತುಂಬಿದರು. ಹಾಡಿನ ಮೇಲೆ ಮಾತು ಇದ್ದ ಕಡೆ ಎರಡನ್ನೂ ಬೇರ್ಪಡಿಸಲಾಗದೆ, ನಟರ ದನಿಯನ್ನು ಅನುಕರಿಸುವವರಿಂದ ಮಾತನ್ನೇ ಮತ್ತೆ ಆಡಿಸಿದರು. 2007ರ ಡಿವಿಡಿ ಈ ಗಾಯಗಳೊಂದಿಗೇ ಬಂತು. ಶೌಟ್ ಫ್ಯಾಕ್ಟರಿ ಎಂಬ ಸಂಸ್ಥೆ ಒಂದೊಂದೇ ಹಾಡಿನ ಹಕ್ಕು ಪಡೆದು, ಎಲ್ಲವನ್ನಲ್ಲದಿದ್ದರೂ ಬಹುಪಾಲನ್ನು ಹಿಂದಿರುಗಿಸಿದ್ದು 2014ರಲ್ಲಿ. ‘ಕ್ವಾಂಟಮ್ ಲೀಪ್’ನಲ್ಲಿ ಹೆಂಡತಿಯನ್ನು ಕಳೆದುಕೊಂಡವನು ಅವಳಿಗೆ ಕಾಣದೆ ಅವಳ ಜೊತೆ ನೃತ್ಯ ಮಾಡುವ ದೃಶ್ಯವೊಂದಿದೆ. ಅಲ್ಲಿ ಕೇಳಬೇಕಾದದ್ದು ರೇ ಚಾರ್ಲ್ಸ್ ಹಾಡು. 2004ರ ಡಿಸ್ಕ್‌ನಲ್ಲಿ ಅದಿಲ್ಲ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನಿಂದ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತವನ್ನು ಕಿತ್ತು ಬೇರೆ ಯಾವುದೋ ರಾಗ ಹಾಕಿದರೆ ಆಗುಂಬೆಯ ಆ ಮನೆಗಳು ಅದೇ ಮನೆಗಳಾಗಿ ಕಂಡಾವೆಯೇ? ಪ್ರಕ್ಷಿಪ್ತವೆಂದರೆ ಇದು.

ಒಳ್ಳೆಯ ಸಂಪಾದನೆಯೂ ಆಗಿದೆ. ‘ಮ್ಯಾಶ್’ನ ನಿರ್ಮಾಪಕರಿಗೆ ಯುದ್ಧಭೂಮಿಯ ಆಸ್ಪತ್ರೆಯ ಕಥೆಗೆ ರೆಕಾರ್ಡ್ ಮಾಡಿದ ನಗೆ ಕೂಡಿಸುವುದು ಇಷ್ಟವಿರಲಿಲ್ಲ, ಸಿಬಿಎಸ್ ಪಟ್ಟು ಬಿಡಲಿಲ್ಲ. ಡಿವಿಡಿಯಲ್ಲಿ ಆ ನಗೆಯನ್ನು ತೆಗೆದು ನೋಡುವ ಆಯ್ಕೆ ಇದೆ. ನಗೆ ಹೋದ ಮೇಲೆ ಉಳಿಯುವ ಮೌನದಲ್ಲಿ ಅದೇ ಮಾತುಗಳು ಬೇರೆಯೇ ತೂಕದಲ್ಲಿ ಕೇಳಿಸುತ್ತವೆ. ನನಗೆ ಈ ಪಾಠವೇ ಹೆಚ್ಚು ಪ್ರಿಯ.

ಪೆಟ್ಟಿಗೆಗಳ ಬಗ್ಗೆ ಹೇಳದಿದ್ದರೆ ಸಂಗ್ರಾಹಕರು ಒಪ್ಪುವುದಿಲ್ಲ. ಅಲಾಸ್ಕಾದ ಊರೊಂದರ ಕಥೆ ‘ನಾರ್ದರ್ನ್ ಎಕ್ಸ್‌ಪೋಶರ್’ನ ಎಂಟು ಕಂತುಗಳ ಮೊದಲ ಪೆಟ್ಟಿಗೆಗೆ ಜಿಪ್ ಇರುವ ಚಳಿಗಾಲದ ಜಾಕೆಟ್ ತೊಡಿಸಿದ್ದರು. ಗೂಢಚಾರರ ‘ದಿ ಮ್ಯಾನ್ ಫ್ರಮ್ ಅಂಕಲ್’ ಸೂಟ್‌ಕೇಸಿನಲ್ಲಿ ಬಂತು. ಶಾಲಾದಿನಗಳ ‘ದಿ ವಂಡರ್ ಇಯರ್ಸ್’ನ 115 ಕಂತುಗಳು 2014ರಲ್ಲಿ ಲೋಹದ ಪುಟ್ಟ ಶಾಲಾ ಲಾಕರಿನಲ್ಲಿ ಬಂದವು. ಅದರ ನೂರಾರು ಹಾಡುಗಳ ಹಕ್ಕಿಗಾಗಿ ಎರಡು ದಶಕ ಕಾದವರಿಗೆ ಆ ಲಾಕರಿನ ಬಾಗಿಲು ತೆರೆಯುವುದೇ ಒಂದು ಹಬ್ಬ. ಹಕ್ಕಿನ ಗೋಜಲಿನಲ್ಲಿ ಅಷ್ಟೇ ಕಾಲ ಸಿಕ್ಕಿಕೊಂಡಿದ್ದ 1966ರ ‘ಬ್ಯಾಟ್‌ಮ್ಯಾನ್’ನ 120 ಕಂತುಗಳೂ ಅದೇ ವರ್ಷ ಬಂದವು, ಜೊತೆಗೊಂದು ಆಟಿಕೆ ಕಾರು. ಆದರೆ ಕಪಾಟು ಬೇಡುವುದು ಅಂದವನ್ನಲ್ಲ, ಸಾಲನ್ನು. ‘ದಿ ಸಿಂಪ್ಸನ್ಸ್’ನ ಆರನೆಯ ವರ್ಷ 2005ರಲ್ಲಿ ಹೋಮರನ ತಲೆಯಾಕಾರದ ಪ್ಲಾಸ್ಟಿಕ್ಕಿನಲ್ಲಿ ಬಂದಾಗ, ಹಿಂದಿನ ಐದು ಪೆಟ್ಟಿಗೆಗಳ ಪಕ್ಕ ಅದು ನಿಲ್ಲುವುದಿಲ್ಲವೆಂದು ಜನ ದೂರಿದರು. ಕೇಳಿದವರಿಗೆ ಮಾಮೂಲಿ ರಟ್ಟಿನ ಹೊದಿಕೆಯನ್ನು ಕಳಿಸಿಕೊಡಬೇಕಾಯಿತು.

ಅಗಲ ಪರದೆಯ ಟೀವಿಗಳು ಬಂದ ಮೇಲೆ ಹೊಸ ಬಗೆಯ ಗ್ರಂಥಪಾತ ಶುರುವಾಯಿತು. ಚೌಕ ಪರದೆಗೆಂದು ತೆಗೆದ ಚಿತ್ರದ ಮೇಲೆ ಕೆಳಗೆ ಕತ್ತರಿಸಿ ಅಗಲ ಮಾಡುವುದು. ‘ಕುಂಗ್ ಫು’ವಿನ ಮೊದಲ ಡಿವಿಡಿಯಲ್ಲಿ, ‘ದಿ ವರ್ಲ್ಡ್ ಅಟ್ ವಾರ್’ನ 2010ರ ಬ್ಲೂರೇಯಲ್ಲಿ ಹೀಗಾಯಿತು. ‘ಬಫಿ’ಯ ಎಚ್‌ಡಿ ಪ್ರಸಾರದಲ್ಲಿ ಚಿತ್ರವನ್ನು ಪಕ್ಕಕ್ಕೆ ಹಿಗ್ಗಿಸಿದಾಗ ಚೌಕಟ್ಟಿನ ಹೊರಗಿದ್ದ ದೀಪಗಳೂ ಕೆಲಸಗಾರರೂ ಕಾಣತೊಡಗಿದರು. ಅದರ ಹಳೆಯ ಡಿವಿಡಿಗಳನ್ನು ಜನ ಮತ್ತೆ ಹುಡುಕಿಕೊಂಡು ಹೋಗಲು ಅದು ಸಾಕಾಯಿತು. ಇನ್ನೊಂದು ಕಡೆ, ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಅನ್ನು 35 ಮಿಲಿಮೀಟರಿನಲ್ಲಿ ತೆಗೆದು ವಿಡಿಯೊಟೇಪಿನಲ್ಲಿ ಸಂಕಲಿಸಿದ್ದರಿಂದ, ಬ್ಲೂರೇಗಾಗಿ ಏಳೂ ವರ್ಷಗಳ ನೆಗೆಟಿವ್‌ಗಳನ್ನು ಹುಡುಕಿ, ಮತ್ತೆ ಸ್ಕ್ಯಾನ್ ಮಾಡಿ, ಶಾಟ್ ಶಾಟನ್ನೂ ಮೊದಲಿನಂತೆಯೇ ಜೋಡಿಸಿದರು. 2012ರಿಂದ 2014ರವರೆಗೆ ನಡೆದ ಈ ಕೆಲಸ ಟೀವಿಯ ಚರಿತ್ರೆಯಲ್ಲೇ ಅತ್ಯಂತ ಶ್ರದ್ಧೆಯ ಸಂಪಾದನೆಗಳಲ್ಲೊಂದೆಂದು ನನ್ನ ಅಭಿಪ್ರಾಯ. ಮಾರಾಟ ನಿರೀಕ್ಷೆಯಷ್ಟಾಗಲಿಲ್ಲ, ಅದರ ಮುಂದಿನ ಸರಣಿಗಳಿಗೆ ಆ ಭಾಗ್ಯ ಬರಲಿಲ್ಲ.

ಈಗ ಡಿಸ್ಕ್‌ನ ಇಳಿಗಾಲ. ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು, ಬೆಸ್ಟ್ ಬೈ ಅಂಗಡಿಗಳು 2024ರಲ್ಲಿ ಡಿಸ್ಕ್ ಮಾರಾಟವನ್ನೇ ಬಿಟ್ಟವು. ಸ್ಟ್ರೀಮಿಂಗಿನಲ್ಲಿ ಕಂತು ಇರುವುದೂ ಇಲ್ಲದಿರುವುದೂ ನೋಡುಗನ ಕೈಯಲ್ಲಿಲ್ಲ. 2020ರ ಜೂನ್‌ನಲ್ಲಿ ‘30 ರಾಕ್’ನ ನಾಲ್ಕು ಕಂತುಗಳು ನಿರ್ಮಾಪಕರ ಕೋರಿಕೆಯಂತೆ ಅಲ್ಲಿಂದ ಮರೆಯಾದವು. ತೆಗೆದ ಕಾರಣ ನ್ಯಾಯವಾದದ್ದೇ, ನಟರು ಮುಖಕ್ಕೆ ಕಪ್ಪು ಬಳಿದುಕೊಂಡ ದೃಶ್ಯಗಳು ಅವು. ಆದರೆ ಅಂಥದ್ದೊಂದು ನಡೆದಿತ್ತು ಎಂಬುದಕ್ಕೆ ಸಾಕ್ಷಿ ಈಗ ಹಳೆಯ ಡಿಸ್ಕ್‌ಗಳಲ್ಲಿದೆ.

‘ಐ ಲವ್ ಲೂಸಿ’ಯ ಮೊದಲ ವರ್ಷ 2014ರಲ್ಲಿ ಬ್ಲೂರೇಯಲ್ಲಿ ಬಂದಾಗ ಕಂತುಗಳನ್ನು ಎರಡು ರೀತಿಯಲ್ಲಿ ನೋಡುವ ಅವಕಾಶ ಕೊಟ್ಟರು. ಹೃದಯದ ಶೀರ್ಷಿಕೆಯ, ಎಲ್ಲರಿಗೂ ಗೊತ್ತಿರುವ ಪಾಠ ಒಂದು. ಇನ್ನೊಂದನ್ನು ಆರಿಸಿದರೆ ಸಿಗರೇಟಿನ ಜಾಹೀರಾತು ಸಮೇತ 1951ರ ಆ ಸೋಮವಾರ ರಾತ್ರಿ ಮನೆಮನೆಯಲ್ಲಿ ಮೂಡಿದ್ದ ಕಡ್ಡಿಗೊಂಬೆಗಳು ಮತ್ತೆ ಪರದೆಯ ಮೇಲೆ ಬರುತ್ತವೆ.