ಹಿಂದಿರುಗಿದವರ ಬಾಕಿ

1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನಲ್ಲಿ, ಯಾರಿಗೆಲ್ಲ ಪಾಸ್‌ಪೋರ್ಟ್ ನಿರಾಕರಿಸಬಹುದು ಎಂಬ ಪಟ್ಟಿಯೊಂದಿದೆ. ದೇಶದ ಭದ್ರತೆಗೆ ಧಕ್ಕೆ ತರುವವರು, ಶಿಕ್ಷೆಯಾದವರು, ಮೊಕದ್ದಮೆ ಎದುರಿಸುತ್ತಿರುವವರು, ವಾರಂಟಿದ್ದವರು. ಇವರ ಸಾಲಿನಲ್ಲೇ ಇನ್ನೊಬ್ಬರಿದ್ದಾರೆ: ಸರ್ಕಾರದ ಖರ್ಚಿನಲ್ಲಿ ತಾಯ್ನಾಡಿಗೆ ಕರೆತರಲ್ಪಟ್ಟು, ಆ ಖರ್ಚನ್ನು ಇನ್ನೂ ತೀರಿಸದವರು. ಪರದೇಶದಲ್ಲಿ ಕೈ ಬರಿದಾಗಿ ನಿಂತವನು ಕಾಯ್ದೆಯ ಕಣ್ಣಿಗೆ ಒಬ್ಬ ಸಾಲಗಾರ.

ಕೋಲಾರ ಚಿನ್ನದ ಗಣಿಗೆ ಬಂದ ಜನರ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಸಾಲ ಹೊಸದೆನಿಸಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ದಲಿತ ಕುಟುಂಬಗಳು ಬೌರಿಂಗ್‌ಪೇಟೆಯಲ್ಲಿ, ಅಂದರೆ ಇಂದಿನ ಬಂಗಾರಪೇಟೆಯಲ್ಲಿ, ರೈಲಿಳಿದು ಗಣಿಯ ತಟ್ಟಿ ಮನೆಗಳನ್ನು ಸೇರಿದವು. ಅದೇ ಉತ್ತರ ಆರ್ಕಾಟು, ಅದೇ ಚಿತ್ತೂರಿನ ಊರುಗಳಿಂದ ಇನ್ನೂ ಕೆಲವರು ಎದುರು ದಿಕ್ಕಿನ ರೈಲು ಹತ್ತಿ ಮದರಾಸಿನ ಬಂದರಿಗೆ ಹೋದರು. 1860ರಿಂದ 1911ರವರೆಗೆ ಕರಾರು ಕೂಲಿಗಳಾಗಿ ನಟಾಲಿನ ಕಬ್ಬಿನ ತೋಟಗಳಿಗೆ ಸಾಗಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಬಹುಪಾಲು ಜನ ಮದರಾಸಿನಿಂದಲೇ ಹಡಗು ಹತ್ತಿದವರು. ಅಣ್ಣ ಗಣಿಗೆ, ತಮ್ಮ ನಟಾಲಿಗೆ ಎಂಬಂಥ ಮನೆಗಳು ಇದ್ದಿರಲೇಬೇಕು ಎಂದು ನನ್ನ ಊಹೆ.

ನಟಾಲಿಗೆ ಹೋದವರನ್ನು ಕರಾರು ಮುಗಿದ ಮೇಲೆ ಅಲ್ಲಿನ ಸರ್ಕಾರ ಇಟ್ಟುಕೊಳ್ಳಲು ಬಯಸಲಿಲ್ಲ. ಮೊದಲು ಮೂರು ಪೌಂಡಿನ ತೆರಿಗೆ ಹಾಕಿತು. ಗಾಂಧಿಯ ಸತ್ಯಾಗ್ರಹದ ನಂತರ 1914ರ ಕಾಯ್ದೆ ತೆರಿಗೆಯನ್ನು ತೆಗೆದುಹಾಕಿತು ನಿಜ. ಆದರೆ ಮರಳಿ ಬರುವ ಹಕ್ಕು ಬಿಟ್ಟುಕೊಟ್ಟವರಿಗೆ ಬಿಟ್ಟಿ ಹಡಗು ಪ್ರಯಾಣವನ್ನೂ ಅದೇ ಕಾಯ್ದೆ ಕೊಟ್ಟಿತು. 1927ರ ಕೇಪ್‌ಟೌನ್ ಒಪ್ಪಂದ ಇದನ್ನೇ ದೊಡ್ಡ ಯೋಜನೆಯಾಗಿಸಿತು. ಹೊರಡುವ ದೊಡ್ಡವರಿಗೆ ತಲಾ 20 ಪೌಂಡು, ಮಕ್ಕಳಿಗೆ 10 ಪೌಂಡು, ಜೊತೆಗೆ ಟಿಕೆಟ್ಟು. ಹೀಗೆ ಬಂದವರನ್ನು ನೋಡಿಕೊಳ್ಳುವ ಹೊಣೆಯನ್ನು ಭಾರತ ಸರ್ಕಾರ ಒಪ್ಪಿಕೊಂಡಿತು. ಮದರಾಸಿನಲ್ಲಿ ಅದಕ್ಕೊಬ್ಬ ವಿಶೇಷ ಅಧಿಕಾರಿ ಇದ್ದ. ಮೂರು ವರ್ಷದೊಳಗೆ ಮನಸ್ಸು ಬದಲಾಯಿಸಿ ಹಿಂದಿರುಗಬಹುದಿತ್ತು, ಪಡೆದ ನೆರವನ್ನು ಪೂರ್ತಿ ವಾಪಸು ಕಟ್ಟಿದರೆ ಮಾತ್ರ. ಇಪ್ಪತ್ತು ಪೌಂಡು ಕರಗಿಹೋದ ಕೂಲಿಯವನಿಗೆ ಈ ಅವಕಾಶ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

1931ರಲ್ಲಿ ಭವಾನಿ ದಯಾಳ್ ಸಂನ್ಯಾಸಿ ಮತ್ತು ಬನಾರಸಿದಾಸ್ ಚತುರ್ವೇದಿ ಹೀಗೆ ಬಂದವರ ಸ್ಥಿತಿಯ ಬಗ್ಗೆ ವರದಿಯೊಂದನ್ನು ಪ್ರಕಟಿಸಿದರು. ಯೋಜನೆ ಸೋತಿದೆ ಎಂಬುದೇ ಅದರ ಸಾರ. ಕೆಲಸವಿಲ್ಲ, ಕೂಲಿ ಸಾಲದು, ಸಮುದ್ರ ದಾಟಿದವರನ್ನು ಜಾತಿಯವರು ಸೇರಿಸುತ್ತಿಲ್ಲ. ಅನೇಕ ಮಕ್ಕಳು ಹುಟ್ಟಿದ್ದೇ ಆಫ್ರಿಕಾದಲ್ಲಿ. ಅವರ ಪಾಲಿಗೆ ಇದು ‘ಮರಳುವುದು’ ಹೇಗಾದೀತು? ಕಡತಗಳು ಮಾತ್ರ ಅದೇ ಪದವನ್ನು ಬಳಸುತ್ತಲೇ ಹೋದವು.

ಕರ್ನಾಟಕದಲ್ಲಿ ಈ ಕಥೆಗೆ ಇನ್ನೂ ಹತ್ತಿರದ ರೂಪ ಸುಳ್ಯ, ಪುತ್ತೂರಿನಲ್ಲಿದೆ. 1964ರ ಅಕ್ಟೋಬರ್ 30ರಂದು ಸಹಿಯಾದ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಸಿಲೋನಿನ ತೋಟಗಳ 5,25,000 ತಮಿಳರನ್ನು ಭಾರತ ಸ್ವೀಕರಿಸಬೇಕಿತ್ತು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಎರಡು ದೇಶಗಳೂ ಅರ್ಧರ್ಧ ಹಂಚಿಕೊಂಡವು. ಜನರನ್ನು ಹೀಗೆ ಪಾಲು ಮಾಡಿಕೊಂಡದ್ದನ್ನು ಓದುವಾಗ ಹಳೆಯ ಜಮೀನು ದಾವೆಗಳ ನೆನಪಾಗುತ್ತದೆ. ತಲೈಮನ್ನಾರಿನಿಂದ ದೋಣಿಯಲ್ಲಿ ಬಂದವರು ಮಂಟಪಂ ಶಿಬಿರದಲ್ಲಿ ತಂಗಿ, ಕೈಯಲ್ಲಿ ಕುಟುಂಬ ಕಾರ್ಡು ಹಿಡಿದು, ಸರ್ಕಾರ ತೋರಿಸಿದ ಕಡೆ ಹೋದರು. ಕೆಲವರಿಗೆ ವ್ಯಾಪಾರಕ್ಕೆ ಸಾಲ ಸಿಕ್ಕಿತು. ಬರ್ಮಾ ಮತ್ತು ಸಿಲೋನಿನಿಂದ ಬಂದವರಿಗಾಗಿಯೇ 1969ರಲ್ಲಿ ರೆಪ್ಕೋ ಬ್ಯಾಂಕ್ ಹುಟ್ಟಿತು. ದಕ್ಷಿಣ ಕನ್ನಡಕ್ಕೆ ಬಂದವರ ಪಾಲಿಗೆ ರಬ್ಬರ್ ತೋಟ ಬಂತು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಅದನ್ನು ನಡೆಸುತ್ತದೆ. ಇದನ್ನು ನಾನು ಸಣ್ಣ ನೆರವೆಂದು ಹೇಳಲಾರೆ. ಕೆಲಸವೂ ಸಿಕ್ಕಿತು, ಇರಲು ಸೂರೂ ಸಿಕ್ಕಿತು. ಆದರೆ ಆ ಸೂರು ಕೆಲಸಕ್ಕೆ ಕಟ್ಟಿಹಾಕಿದ ಸೂರು. ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಬಾಗಿಲಲ್ಲೇ ಕಾಯುತ್ತಿತ್ತು. ಜಾತಿ ಪ್ರಮಾಣಪತ್ರಕ್ಕೂ ಅವರು ಬಹಳ ಕಾಲ ಕಚೇರಿ ಅಲೆದರು.

ಕಡಲನ್ನೇ ದಾಟದ ಕೆಜಿಎಫ್‌ನವರಿಗೂ ಇದೇ ಪ್ರಶ್ನೆ ಎದುರಾಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಲಸದೊಂದಿಗೆ ಮನೆಯ ಮೇಲಿನ ಹಕ್ಕೂ ಅನುಮಾನಕ್ಕೆ ಬಿತ್ತು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುವವರ ದಿನಚರಿ ಎಲ್ಲರಿಗೂ ಗೊತ್ತು. ಗಲ್ಫಿಗೆ ಹೋದವರ ಬಗ್ಗೆ ಅಷ್ಟು ಬರೆದವರಿಲ್ಲ. ಎಸ್ಸೆಸ್ಸೆಲ್ಸಿ ದಾಟದವರು ಅಲ್ಲಿಗೆ ಹೋಗಲು 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಬೇಕು. ಕಳುಹಿಸುವ ಏಜೆಂಟು ಠೇವಣಿ ಇಡಬೇಕು. ಕಾರ್ಮಿಕನನ್ನು ವಾಪಸು ಕರೆತರಬೇಕಾಗಿ ಬಂದರೆ ಆ ಖರ್ಚಿಗೂ ಸೇರಿಯೇ ಈ ಠೇವಣಿ. ಪ್ರವಾಸಿ ವೀಸಾದಲ್ಲಿ ಕಳುಹಿಸುವ ಕಳ್ಳ ಏಜೆಂಟಿನ ಬಳಿ ಠೇವಣಿಯೂ ಇರುವುದಿಲ್ಲ, ರಸೀದಿಯೂ ಇರುವುದಿಲ್ಲ.

2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಸಂಕಷ್ಟದಲ್ಲಿರುವವರಿಗೆ ಊಟ, ವಸತಿ, ವಕೀಲರು, ವಿಮಾನದ ಟಿಕೆಟ್ಟು. ತೀರಿಕೊಂಡವರ ದೇಹ ಊರಿಗೆ ತಲುಪಿಸುವ ಖರ್ಚೂ ಅದರಿಂದಲೇ. ಈ ಹಣ ಬರುವುದು ಮುಖ್ಯವಾಗಿ ರಾಯಭಾರ ಕಚೇರಿಗಳು ತಮ್ಮ ಸೇವೆಗಳ ಮೇಲೆ ಹಾಕುವ ಸಣ್ಣ ಶುಲ್ಕದಿಂದ. ಅಂದರೆ ಅಬುಧಾಬಿಯಲ್ಲಿ ಪಾಸ್‌ಪೋರ್ಟ್ ನವೀಕರಿಸುವ ಮೇಸ್ತ್ರಿಯೊಬ್ಬ, ತನಗೆ ಗೊತ್ತಿಲ್ಲದೆಯೇ, ಜೊತೆಯವನ ಟಿಕೆಟ್ಟಿಗೆ ಕೈಹಾಕುತ್ತಾನೆ. ಗಣಿಯ ಲೈನುಗಳಲ್ಲಿ ಸಾವಿನ ಮನೆಗೆ ಬೀದಿಯವರೆಲ್ಲ ಚಂದಾ ಎತ್ತಿದ ಹಾಗೆಯೇ ಇದೂ.

ಆದರೂ 1967ರ ಕಲಮು ಇದ್ದಲ್ಲೇ ಇದೆ. ಹೊಸ ಪಾಸ್‌ಪೋರ್ಟ್ ಅರ್ಜಿಯಲ್ಲಿ ಮೊಕದ್ದಮೆ, ಶಿಕ್ಷೆಗಳ ಪ್ರಶ್ನೆಗಳ ಜೊತೆಗೆ ಇದನ್ನೂ ಕೇಳುತ್ತಾರೆ: ನೀವು ಎಂದಾದರೂ ತುರ್ತು ಪ್ರಮಾಣಪತ್ರದ ಮೇಲೆ ಭಾರತಕ್ಕೆ ಹಿಂದಿರುಗಿದ್ದೀರಾ, ಗಡೀಪಾರಾಗಿದ್ದೀರಾ, ಅಥವಾ ಸ್ವದೇಶಕ್ಕೆ ಕಳುಹಿಸಲ್ಪಟ್ಟಿದ್ದೀರಾ? ಹೌದು ಎಂದವರು ಆ ವಿವರವನ್ನೂ ತುಂಬಬೇಕು.