ವಲಸೆಯ ಬಾಲ್ಯ ಮತ್ತು ಭಾಷೆ: ಮೇರಿ ಆಂಟಿನಳ ಆತ್ಮಕಥೆಯ ಸಾಕ್ಷ್ಯ

ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ರಷ್ಯನ್ ಸಾಮ್ರಾಜ್ಯವನ್ನು ತೊರೆದು ಅಮೆರಿಕವನ್ನು ಸೇರಿದ ಯೆಹೂದ್ಯರ ಚರಿತ್ರೆಯನ್ನು ಬರೆಯುವವರಿಗೆ ಹಡಗುಗಳ ಪ್ರಯಾಣಿಕ ಪಟ್ಟಿಗಳೂ ಜನಗಣತಿಯ ಅಂಕಿಗಳೂ ಧಾರಾಳವಾಗಿ ದೊರೆಯುತ್ತವೆ. ಆದರೆ ಒಂದು ಮಗು ತನ್ನ ಮನೆಮಾತಿನಿಂದ ಪರಭಾಷೆಯೊಂದಕ್ಕೆ ದಾಟಿದ ಬಗೆಯನ್ನು ಅವು ಹೇಳಲಾರವು. ಅದಕ್ಕೆ ಆತ್ಮಕಥೆಗಳನ್ನೇ ಆಶ್ರಯಿಸಬೇಕಾಗುತ್ತದೆ. 1912ರಲ್ಲಿ ಪ್ರಕಟವಾದ ಮೇರಿ ಆಂಟಿನಳ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಅಂಥವುಗಳಲ್ಲಿ ಪ್ರಸಿದ್ಧವಾದುದು. ಅದನ್ನು ವಿಜಯದ ಕಥೆಯೆಂದೇ ಓದುವ ರೂಢಿ ಬಂದಿದೆ. ಆ ರೂಢಿ ಪೂರ್ತಿ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೇರಿ ಹುಟ್ಟಿದ್ದು 1881ರಲ್ಲಿ, ಇಂದಿನ ಬೆಲಾರೂಸ್‌ಗೆ ಸೇರಿದ ಪೊಲೊಟ್ಸ್ಕ್ ಪಟ್ಟಣದಲ್ಲಿ. ಯೆಹೂದ್ಯರು ವಾಸಿಸಬಹುದೆಂದು ಸಾಮ್ರಾಜ್ಯವು ಗೊತ್ತುಮಾಡಿದ್ದ ಸೀಮಿತ ಪ್ರದೇಶದೊಳಗಿನ ಊರು ಅದು. ಸರ್ಕಾರಿ ಶಾಲೆಗಳಲ್ಲಿ ಯೆಹೂದ್ಯ ಮಕ್ಕಳ ಪ್ರವೇಶಕ್ಕೂ ಮಿತಿಯಿತ್ತು. 1891ರಲ್ಲಿ ತಂದೆ ಮುಂದಾಗಿ ಅಮೆರಿಕಕ್ಕೆ ಹೊರಟನು. 1894ರಲ್ಲಿ ತಾಯಿ ನಾಲ್ವರು ಮಕ್ಕಳೊಡನೆ, ಹ್ಯಾಂಬರ್ಗ್ ಬಂದರಿನಲ್ಲಿ ಸಾಂಕ್ರಾಮಿಕ ರೋಗಭಯದ ದಿಗ್ಬಂಧನವನ್ನು ಅನುಭವಿಸಿ, ಬೋಸ್ಟನ್ನಿಗೆ ಬಂದಿಳಿದಳು.

ಮೊದಲು ಬದಲಾದುವು ಹೆಸರುಗಳು. ಫೆಚ್ಕೆ ಎಂಬ ಅಕ್ಕ ಫ್ರೀಡಾ ಆದಳು. ತಾಯಿ ಆ್ಯನಿ ಆದಳು. ಮರ್ಯಾಶೆ ಎಂಬ ಹೆಸರು ‘ಮೇರಿ’ಯಷ್ಟೇ ಆದುದರಿಂದ ನಮ್ಮ ಲೇಖಕಿಗೆ ನಿರಾಶೆಯಾಯಿತಂತೆ, ಅಪೂರ್ವವಾದ ಅಮೆರಿಕನ್ ಹೆಸರೊಂದನ್ನು ಅವಳು ಬಯಸಿದ್ದಳು. ಹಳೆಯ ಊರಿನಲ್ಲಿ ವಿಶೇಷ ಸಂದರ್ಭಗಳಿಗೆ ಮಾತ್ರ ಮೀಸಲಾಗಿದ್ದ ಮನೆತನದ ಹೆಸರನ್ನು ಇಲ್ಲಿ ನಿತ್ಯವೂ ಧರಿಸಬಹುದೆಂಬುದೊಂದೇ ಸಮಾಧಾನ.

ಅನಂತರ ಉಚ್ಚಾರಣೆಯ ಕಷ್ಟ. ಅವಳ ಮನೆಮಾತಾದ ಯಿದ್ದಿಷ್‌ನಲ್ಲಿ ಇಂಗ್ಲಿಷಿನ ‘ವಾಟರ್’ ಶಬ್ದದ ಮೊದಲ ಧ್ವನಿಯಿಲ್ಲ. ‘ವಿಲೇಜ್’ ಶಬ್ದದ ಮೊದಲ ಧ್ವನಿ ಮಾತ್ರ ಇದೆ. ಈ ಎರಡು ಶಬ್ದಗಳನ್ನು ಒಂದರ ಹಿಂದೊಂದರಂತೆ ತಪ್ಪಿಲ್ಲದೆ ನುಡಿದ ದಿನವನ್ನು ಆಕೆ ದೊಡ್ಡ ಸಾಧನೆಯೆಂಬಂತೆ ವರ್ಣಿಸುತ್ತಾಳೆ. (ಎರಡನ್ನೂ ಒಂದೇ ‘ವ’ಕಾರದಿಂದ ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.) ಇಂಗ್ಲಿಷನ್ನು ಕಲಿಯತೊಡಗಿ ನಾಲ್ಕೇ ತಿಂಗಳಾಗಿದ್ದಾಗ ಹಿಮವನ್ನು ಕುರಿತು ಅವಳು ಬರೆದ ಪ್ರಬಂಧವನ್ನು ಅಧ್ಯಾಪಿಕೆಯೊಬ್ಬಳು ಶಿಕ್ಷಣ ಪತ್ರಿಕೆಯಲ್ಲಿ ಅಚ್ಚುಹಾಕಿಸಿದಳು.

ಹೀಗಿದ್ದರೂ ಈ ಪ್ರಗತಿಯನ್ನು ಪ್ರತಿಭೆಯ ಫಲವೆಂದಷ್ಟೇ ತಿಳಿಯುವುದು ಚರಿತ್ರಕಾರನಿಗೆ ತರವಲ್ಲ. ಶಾಲೆ ಉಚಿತವಾಗಿತ್ತು, ನಿಜ. ಆದರೆ ಮಕ್ಕಳೆಲ್ಲರನ್ನೂ ಶಾಲೆಗೆ ಕಳುಹಿಸುವಷ್ಟು ಅನುಕೂಲ ಆ ಮನೆಗಿರಲಿಲ್ಲ. ಮೇರಿ ಶಾಲೆಗೆ ಹೋದ ಸೆಪ್ಟೆಂಬರಿನಲ್ಲಿ ಫ್ರೀಡಾ ಹೊಲಿಗೆಯ ಕೆಲಸಕ್ಕೆ ನಡೆದಳು. ತಂಗಿ ಶಾಲೆಗೆ ಉಟ್ಟುಹೋದ ಉಡುಪನ್ನು ಹೊಲಿದವಳೂ ಅವಳೇ. ಇಬ್ಬರಿಗೂ ವಯಸ್ಸಿನಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಆದರೂ ಒಬ್ಬಳಿಗೆ ಭಾಷೆ ದೊರೆಯಿತು, ಇನ್ನೊಬ್ಬಳಿಗೆ ಕೂಲಿ. ಅಕ್ಕನ ಕಾಲಿಗೆ ದುಡಿಮೆಯ ಬಂಧನ ಬಿದ್ದುದನ್ನು ಮೇರಿ ಮರೆಮಾಚದೆ ಬರೆದಿದ್ದಾಳೆ. ಓದುಗರು ಆ ಪುಟಗಳಲ್ಲಿ ನಿಲ್ಲಲಿಲ್ಲವೆಂಬುದು ಬೇರೆ ಮಾತು.

ವಯಸ್ಸಿನ ಪ್ರಶ್ನೆಯೂ ಇಲ್ಲಿ ಸಣ್ಣದಲ್ಲ. ಹೆಚ್ಚು ಕಾಲ ಓದಲೆಂದು ತಂದೆ ಅವಳ ವಯಸ್ಸಿನಲ್ಲಿ ಎರಡು ವರ್ಷಗಳನ್ನು ಕಡಮೆಮಾಡಿ ಹೇಳಿದ್ದನು. ತನ್ನ ಪ್ರಯಾಣವನ್ನು ಕುರಿತು ಸೋದರಮಾವನಿಗೆ ಅವಳು ಯಿದ್ದಿಷ್‌ನಲ್ಲಿ ಬರೆದ ಪತ್ರವು ಇಂಗ್ಲಿಷಿಗೆ ತಿರುಗಿ 1899ರಲ್ಲಿ ಪುಸ್ತಕವಾದಾಗ, ಮುನ್ನುಡಿ ಬರೆದ ಇಸ್ರೇಲ್ ಜ಼್ಯಾಂಗ್‌ವಿಲ್ ಪತ್ರ ಬರೆದಾಗ ಲೇಖಕಿ ಹನ್ನೊಂದು ವರ್ಷದ ಬಾಲಕಿಯಾಗಿದ್ದಳೆಂದೇ ಪರಿಚಯಿಸಿದನು. ನಿಜವಾಗಿ ಪತ್ರ ಬರೆದಾಗ ಅವಳಿಗೆ ಹದಿಮೂರು. ಈ ಸುಳ್ಳನ್ನು ಖಂಡಿಸುವುದು ಸುಲಭ. ಆದರೆ ದುಡಿಮೆಯ ವಯಸ್ಸು ಸಮೀಪಿಸುತ್ತಿದ್ದ ಬಡವನ ಮಗಳಿಗೆ ಆ ಎರಡು ವರ್ಷಗಳ ಬೆಲೆ ಎಷ್ಟೆಂಬುದನ್ನು ಫ್ರೀಡಾಳ ಬದುಕೇ ತಿಳಿಸುತ್ತದೆ.

ಮೇರಿ ಬಂದಿಳಿದ 1894ರಲ್ಲಿಯೇ, ಅದೇ ಬೋಸ್ಟನ್ನಿನಲ್ಲಿ, ಹಾರ್ವರ್ಡಿನ ಪದವೀಧರರು ಕೆಲವರು ವಲಸೆ ನಿರ್ಬಂಧ ಸಂಘವನ್ನು ಸ್ಥಾಪಿಸಿದರು. ಓದುಬರೆಹ ಬಾರದವರನ್ನು ತಡೆಯಬೇಕೆಂಬುದು ಅವರ ಮುಖ್ಯ ಬೇಡಿಕೆ. 1917ರಲ್ಲಿ ಅದು ಶಾಸನವಾಯಿತು. ಮೇರಿ 1914ರಲ್ಲಿ ಪುಸ್ತಕವೊಂದನ್ನೇ ಬರೆದು ವಲಸೆಗಾರರ ಪರವಾಗಿ ವಾದಿಸಿದ್ದಳು. 1924ರ ಕಾಯಿದೆಯು 1890ರ ಜನಗಣತಿಯನ್ನು ಅಳತೆಗೋಲಾಗಿ ಹಿಡಿದು ಪೂರ್ವ ಯೂರೋಪಿನ ಪಾಲನ್ನು ತೀರ ಕುಗ್ಗಿಸಿತು. ಅವಳ ಕುಟುಂಬ ಬಂದುದು ಆ ಗಣತಿಯಾದ ಮೇಲೆ.