ಓಟದ ಪಾದರಕ್ಷೆಯಲ್ಲಿ ಭಾರ ಮತ್ತು ಮಾರ್ದವ: ಒಂದು ಐತಿಹಾಸಿಕ ವಿವೇಚನೆ

ದೂರದ ಓಟಕ್ಕೆ ತೊಡುವ ಪಾದರಕ್ಷೆಯಿಂದ ಓಟಗಾರನು ಅಪೇಕ್ಷಿಸುವ ಗುಣಗಳು ಮುಖ್ಯವಾಗಿ ಎರಡು: ಅದು ಕಾಲಿಗೆ ಭಾರವೆನಿಸಬಾರದು, ನೆಲದ ಕಾಠಿಣ್ಯವನ್ನು ನೇರವಾಗಿ ಅಂಗಾಲಿಗೆ ಮುಟ್ಟಿಸಲೂಬಾರದು. ಇಂದು ಪೇಟೆಯ ಯಾವ ಅಂಗಡಿಗೆ ಹೋದರೂ ಒಂದೇ ಶೂವಿನಲ್ಲಿ ಜೊತೆಗೂಡಿ ದೊರೆಯುವ ಈ ಎರಡು ಗುಣಗಳು, ಆಧುನಿಕ ಓಟದ ಇತಿಹಾಸದ ಮೊದಲ ಮುಕ್ಕಾಲು ಶತಮಾನದಲ್ಲಿ, ಒಂದಿದ್ದಲ್ಲಿ ಇನ್ನೊಂದಿರದಂತಹ ವೈರವನ್ನು ಸಾಧಿಸಿಕೊಂಡು ಬಂದುವು. ಏಕೆಂದರೆ ಮೆತ್ತಗಾಗಬೇಕಾದರೆ ಅಟ್ಟೆ ದಪ್ಪವಾಗಬೇಕಿತ್ತು, ದಪ್ಪವಾದ ರಬ್ಬರಾಗಲಿ ತೊಗಲಾಗಲಿ ತೂಕದಲ್ಲಿ ಇಳಿಯುವ ಉಪಾಯವಿರಲಿಲ್ಲ. ಈ ವೈರವು ಯಾವ ಕ್ರಮದಿಂದ ಶಮನಗೊಂಡಿತೆಂಬುದನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದರೊಡನೆ ಒಂದು ಅಭಿಪ್ರಾಯವನ್ನೂ ಮಂಡಿಸಬೇಕಾಗಿದೆ: ಭಾರದ ವಿಷಯದಲ್ಲಿ ನಮಗಿರುವ ಜ್ಞಾನವು ಪ್ರಯೋಗಸಿದ್ಧವಾದುದು; ಮಾರ್ದವವು ಗಾಯವನ್ನು ತಡೆಯುವುದೆಂಬ ವಿಷಯದಲ್ಲಿ ನಮಗಿರುವುದು ಬಹುಮಟ್ಟಿಗೆ ನಂಬಿಕೆ. ಶೂವನ್ನು ಆರಿಸುವವನು ಇವೆರಡನ್ನೂ ಸಮಾನವಾದ ಪ್ರಮಾಣಗಳೆಂದು ಭಾವಿಸಿ ಮೋಸಹೋಗುವುದುಂಟು.

ಆರಂಭಕಾಲದ ಓಟಗಾರರಲ್ಲಿ ಅನೇಕರಿಗೆ ಈ ಸಮಸ್ಯೆಯೇ ಇರಲಿಲ್ಲ, ಅವರು ಬರಿಗಾಲಿನವರು. ಪುಣೆಯ ಡೆಕ್ಕನ್ ಜಿಮ್‌ಖಾನದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ಅಲ್ಲಿನ ಕ್ರೀಡೋತ್ಸವದಲ್ಲಿ ಒಕ್ಕಲು ಮಕ್ಕಳು ಬರಿಗಾಲಲ್ಲಿ ಓಡಿ ತೋರಿಸಿದ ವೇಗವನ್ನು ಕಂಡು ಬೆರಗಾಗಿ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಒಂದು ಸಣ್ಣ ತಂಡವನ್ನು ಕಳುಹಿಸಲು ಮುಂದಾದುದು ಪ್ರಸಿದ್ಧ ಸಂಗತಿ. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಅವರ ಹೆಸರು ಬೆಳಗಾವಿಯ ಆಚೆಗೆ ಇಷ್ಟು ವಿರಳವಾಗಿ ಕೇಳಿಬರುವುದು ನಮ್ಮ ಮರೆವಿಗೆ ಸಾಕ್ಷಿಯೇ ಹೊರತು ಅವರ ಸಾಧನೆಯ ಅಲ್ಪತೆಗಲ್ಲ. ಅದೇ ಕಾಲದ ಯೂರೋಪಿನಲ್ಲಿ ಶೂಗಳಿರಲಿಲ್ಲವೆಂದಲ್ಲ. ಇಂಗ್ಲೆಂಡಿನ ಬೋಲ್ಟನ್ ಪಟ್ಟಣದ ಜೆ. ಡಬ್ಲ್ಯು. ಫಾಸ್ಟರ್ ಎಂಬ ಕುಶಲಕರ್ಮಿಯು 1890ರ ದಶಕದಲ್ಲಿಯೇ ತೆಳುದೊಗಲಿನ, ಅಟ್ಟೆಯಲ್ಲಿ ಮೊಳೆಗಳುಳ್ಳ ಓಟದ ಶೂಗಳನ್ನು ಹೊಲಿದುಕೊಡುತ್ತಿದ್ದನು. ಅವು ಹಗುರವಾಗಿದ್ದುವು, ಆದರೆ ನೂರು ಗಜದ ಓಟಗಾರನಿಗೆ ಸಾಕಾದ ಆ ತೊಗಲು ಇಪ್ಪತ್ತಾರು ಮೈಲಿ ಕಲ್ಲುದಾರಿಯನ್ನು ತುಳಿಯುವವನಿಗೆ ರಕ್ಷೆಯಾಗಲಾರದು.

ರಸ್ತೆಯ ಓಟಕ್ಕೆಂದೇ ಪಾದರಕ್ಷೆಯನ್ನು ರೂಪಿಸಿದ ಯಶಸ್ಸಿನ ಬಹುಭಾಗ ಜಪಾನಿಗೆ ಸಲ್ಲತಕ್ಕದ್ದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಶಿಜೊ ಕನಗುರಿ ಎಂಬ ತರುಣನು ಹೆಬ್ಬೆರಳನ್ನು ಬೇರ್ಪಡಿಸಿ ಹೊಲಿದ ತಬಿ ಎಂಬ ಬಟ್ಟೆಯ ಪಾದತ್ರಾಣವನ್ನು ಧರಿಸಿ ಓಡಿ, ಬಿಸಿಲಿನ ಝಳಕ್ಕೆ ಬಳಲಿ ದಾರಿಯ ನಡುವೆಯೇ ನಿಂತುಬಿಟ್ಟನು. ಊರಿಗೆ ಮರಳಿದವನು ಸುಮ್ಮನಾಗದೆ ಟೋಕಿಯೋದ ಹರಿಮಾಯಾ ಎಂಬ ತಬಿ ಅಂಗಡಿಯವರೊಡಗೂಡಿ ಬಟ್ಟೆಯ ಅಟ್ಟೆಗೆ ಬದಲಾಗಿ ರಬ್ಬರಿನ ಅಟ್ಟೆಯನ್ನು ಜೋಡಿಸಿದನು. ಆ ಮಾದರಿಯ ತಬಿಗಳನ್ನು ತೊಟ್ಟು ಕೊರಿಯಾದ ಸೋನ್ ಕೀ‑ಚುಂಗ್ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನ ಮ್ಯಾರಥಾನನ್ನೂ, ಹಿರೋಷಿಮಾ ಪ್ರಾಂತದ ಶಿಗೆಕಿ ತನಕಾ 1951ರಲ್ಲಿ ಬೋಸ್ಟನ್ ಮ್ಯಾರಥಾನನ್ನೂ ಗೆದ್ದರು. ತೆಳುವಾದ ರಬ್ಬರು, ಹಗುರವಾದ ಬಟ್ಟೆ. ಮೆತ್ತೆಯೆಂಬುದು ಹೆಸರಿಗೆ ಮಾತ್ರ.

ಮುಂದಿನ ಹೆಜ್ಜೆಯನ್ನಿಟ್ಟವನು ಕೋಬೆಯ ಕಿಹಾಚಿರೊ ಒನಿತ್ಸುಕ. 1949ರಲ್ಲಿ ಶೂ ತಯಾರಿಕೆಗೆ ಕೈಹಾಕಿದ ಈತನನ್ನು ಕಾಡಿದ್ದು ಅಟ್ಟೆಯ ಪ್ರಶ್ನೆಗಿಂತ ಮಿಗಿಲಾಗಿ ಬೊಬ್ಬೆಯ ಪ್ರಶ್ನೆ. ಗಂಟೆಗಟ್ಟಲೆ ಓಡುವವನ ಪಾದವು ಶೂವಿನೊಳಗೆ ಕಾದು, ಬೆವರಿನಿಂದ ನೆನೆದು, ಉಜ್ಜಿ ಉಜ್ಜಿ ಬೊಬ್ಬೆಯೆದ್ದು ಒಡೆಯುವುದು ಅಂದಿನ ಮ್ಯಾರಥಾನ್ ಓಟಗಾರರಿಗೆ ವಿಧಿಲಿಖಿತವೆಂಬಂತಿತ್ತು. ಮೋಟಾರು ಸೈಕಲ್ಲಿನ ಎಂಜಿನ್ ಗಾಳಿಯಿಂದ ತಂಪಾಗುವ ರೀತಿಯನ್ನು ಗಮನಿಸಿದ ಒನಿತ್ಸುಕನು, ಹೆಜ್ಜೆಯಿಟ್ಟಾಗ ಒಳಗಿನ ಬಿಸಿಗಾಳಿ ಹೊರಬಿದ್ದು, ಹೆಜ್ಜೆಯೆತ್ತಿದಾಗ ತಂಪುಗಾಳಿ ಒಳಸೇರುವಂತೆ ಮುಂಭಾಗದಲ್ಲಿಯೂ ಪಕ್ಕಗಳಲ್ಲಿಯೂ ರಂಧ್ರಗಳನ್ನಿಟ್ಟು ‘ಮ್ಯಾಜಿಕ್ ರನ್ನರ್’ ಎಂಬ ಶೂವನ್ನು 1960ರ ಸುಮಾರಿಗೆ ಸಿದ್ಧಪಡಿಸಿದನು. 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ, ದೊರೆತ ಶೂಗಳು ಪಾದಕ್ಕೆ ಹೊಂದದ ಕಾರಣ ಬರಿಗಾಲಲ್ಲಿ ಓಡಿ ಜಗತ್ತನ್ನು ಚಕಿತಗೊಳಿಸಿದ ಇಥಿಯೋಪಿಯಾದ ಅಬೆಬೆ ಬಿಕಿಲ, 1961ರಲ್ಲಿ ಜಪಾನಿಗೆ ಬಂದು ಓಡಿ ಗೆದ್ದಾಗ ಅವನ ಕಾಲಲ್ಲಿದ್ದುದು ಒನಿತ್ಸುಕನ ಶೂ. 1964ರಲ್ಲಿ ಟೋಕಿಯೋದಲ್ಲಿ ಅವನು ಶೂ ತೊಟ್ಟು ಓಡಿ, ರೋಮ್‌ನ ತನ್ನ ಕಾಲಮಾನವನ್ನು ಮೂರು ನಿಮಿಷಗಳಷ್ಟು ತಗ್ಗಿಸಿದನು. ಬರಿಗಾಲಿನ ಶ್ರೇಷ್ಠತೆಗೆ ಬಿಕಿಲನನ್ನು ಉದಾಹರಿಸುವವರು ಈ ಎರಡನೆಯ ಓಟವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮಾರ್ದವದ ಬೇಡಿಕೆ ಹುಟ್ಟಿದ್ದು ಸ್ಪರ್ಧಾಳುಗಳಿಂದಲ್ಲ, ಸಾಮಾನ್ಯ ಗೃಹಸ್ಥರಿಂದ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ತನ್ನ ಊರಿನ ನಡುವಯಸ್ಸಿನವರನ್ನೂ ಹೃದ್ರೋಗಿಗಳನ್ನೂ ನಿಧಾನವಾಗಿ ಓಡಿಸುತ್ತಿದ್ದುದನ್ನು 1962ರಲ್ಲಿ ಕಣ್ಣಾರೆ ಕಂಡ ಅಮೆರಿಕದ ಆರೆಗನ್ ವಿಶ್ವವಿದ್ಯಾನಿಲಯದ ತರಬೇತುದಾರ ಬಿಲ್ ಬವರ್‌ಮನ್, ಆ ಪದ್ಧತಿಯನ್ನು ತನ್ನ ನಾಡಿಗೆ ತಂದು, 1967ರಲ್ಲಿ ಜಾಗಿಂಗ್ ಕುರಿತು ಒಂದು ಪುಸ್ತಕವನ್ನೂ ಪ್ರಕಟಿಸಿದನು. ಅದರ ಫಲವಾಗಿ ಲಕ್ಷಾಂತರ ಜನ ಡಾಂಬರು ರಸ್ತೆಗಿಳಿದರು. ಅವರ ಪಾದಗಳಿಗೆ ಅಭ್ಯಾಸವಿರಲಿಲ್ಲ, ಮೈಗೆ ತೂಕವಿತ್ತು. ಬವರ್‌ಮನ್ ತನ್ನ ಓಟಗಾರರಿಗೆ ಸ್ವಂತ ಕೈಯಿಂದ ಶೂ ಹೊಲಿದುಕೊಡುತ್ತಿದ್ದವನು. ಭಾರದ ವಿಷಯದಲ್ಲಿ ಅವನಿಗೊಂದು ಗೀಳೇ ಇತ್ತು. ಅವನ ಲೆಕ್ಕ ಹೀಗೆ: ಹೆಜ್ಜೆಯೊಂದಕ್ಕೆ ಆರು ಅಡಿಯಾದರೆ 5,280 ಅಡಿಯ ಒಂದು ಮೈಲಿಗೆ 880 ಹೆಜ್ಜೆಗಳು, ಶೂವಿನಲ್ಲಿ ಒಂದು ಔನ್ಸ್ ಕಡಿಮೆಯಾದರೆ ಮೈಲಿಗೆ 880 ಔನ್ಸ್, ಅಂದರೆ 55 ಪೌಂಡ್ ಭಾರವನ್ನು ಎತ್ತುವ ಶ್ರಮ ಉಳಿಯಿತು. ಗಣಿತವು ನಿರ್ದುಷ್ಟವಾದರೂ ಶರೀರಶಾಸ್ತ್ರದ ದೃಷ್ಟಿಯಿಂದ ಇದು ಒರಟು ಲೆಕ್ಕ, ಕಾಲನ್ನು ಮುಂದಕ್ಕೆ ಬೀಸಿ ಮತ್ತೆ ತಡೆಯುವ ಶ್ರಮ ಇದರಲ್ಲಿ ಸೇರಿಲ್ಲ. ಆದರೂ ಊಹೆಯ ದಿಕ್ಕು ಸರಿಯಾಗಿತ್ತು.

ಇಂತಹ ಬವರ್‌ಮನ್ನನೇ ಮೆತ್ತೆಯ ಕಡೆಗೆ ತಿರುಗಬೇಕಾದ ಪ್ರಸಂಗವೊಂದು ಒದಗಿತು. ಅವನ ಶಿಷ್ಯ ಕೆನ್ನಿ ಮೂರ್‌ನ ಪಾದದ ಮೂಳೆ ಅಭ್ಯಾಸದಲ್ಲಿ ಬಿರುಕುಬಿಟ್ಟಿತು. ಗುರುವು ಆ ಶೂವನ್ನು ಸೀಳಿ ನೋಡಿದಾಗ ಪಾದದ ಕಮಾನಿಗೆ ಆಧಾರವೆಂಬುದು ಅದರಲ್ಲಿ ಇಲ್ಲವೆಂಬಂತಿದ್ದುದು ಗೊತ್ತಾಯಿತು. ಆ ಪರಿಶೋಧನೆಯ ಪರಿಣಾಮವಾಗಿ, ಹಿಮ್ಮಡಿಯಿಂದ ಬೆರಳಿನವರೆಗೆ ಸ್ಪಂಜು ರಬ್ಬರಿನ ಪದರವನ್ನು ಹಾಸಿ ಹಿಮ್ಮಡಿಯನ್ನು ತುಸು ಎತ್ತರಿಸಿದ ಕಾರ್ಟೆಜ್ ಎಂಬ ಶೂ 1960ರ ದಶಕದ ಉತ್ತರಾರ್ಧದಲ್ಲಿ, ಒನಿತ್ಸುಕನ ಕಾರ್ಖಾನೆಯಿಂದಲೇ ಹೊರಬಂದಿತು. ಮೂರ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ನಾಲ್ಕನೆಯವನಾದನು.

ವೈರವು ನಿಜವಾಗಿ ಶಮನಗೊಂಡುದು ರಸಾಯನಶಾಸ್ತ್ರದಿಂದ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಬ್ರೂಕ್ಸ್ ಸಂಸ್ಥೆಯು ಎಥಿಲೀನ್ ವಿನೈಲ್ ಅಸಿಟೇಟ್, ಅಂದರೆ ಈಗ ಎಲ್ಲರ ಬಾಯಲ್ಲಿರುವ ಇ.ವಿ.ಎ., ಎಂಬ ಫೋಮನ್ನು ಓಟದ ಶೂವಿಗೆ ಅಳವಡಿಸಿತು. ಹುದುಗು ಬಂದ ಹಿಟ್ಟಿನಂತೆ ಉಬ್ಬಿ ನಿಂತ ಈ ವಸ್ತುವಿನ ಒಂದು ಚೂರನ್ನು ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ, ಎಲ್ಲ ಕಡೆಯಿಂದಲೂ ಮುಚ್ಚಿಕೊಂಡ ಅಸಂಖ್ಯ ಸೂಕ್ಷ್ಮ ಕೋಶಗಳು ಕಾಣುತ್ತವೆ. ಪ್ರತಿಯೊಂದರಲ್ಲಿಯೂ ಅನಿಲ ಸೆರೆಯಾಗಿದೆ. ಓಟಗಾರನ ಪಾದವು ನೆಲವನ್ನು ಸೋಕಿರುವ ಸೆಕೆಂಡಿನ ಕಾಲುಭಾಗದಷ್ಟು ಅಲ್ಪಾವಧಿಯಲ್ಲಿ, ದೇಹದ ತೂಕದ ಎರಡು ಮೂರು ಪಟ್ಟು ಒತ್ತಡಕ್ಕೆ ಸಿಕ್ಕಿ ಈ ಕೋಶಗಳು ಕುಗ್ಗಿ, ಗೋಡೆಗಳು ಬಾಗಿ, ಮತ್ತೆ ಮೊದಲಿನಂತಾಗುತ್ತವೆ. ದಪ್ಪದ ಬಹುಭಾಗವು ಅನಿಲವೇ ಆದುದರಿಂದ ಅಟ್ಟೆ ದಪ್ಪವಾದರೂ ಭಾರವಾಗುವುದಿಲ್ಲ. ದೋಷವೂ ಇಲ್ಲಿಯೇ ಇದೆ: ಸಾವಿರಾರು ಬಾರಿ ಬಾಗಿದ ಗೋಡೆಗಳು ಕ್ರಮೇಣ ಸುಕ್ಕುಗಟ್ಟಿ ಅನಿಲವನ್ನು ಬಿಟ್ಟುಕೊಡುತ್ತವೆ. 1985ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪರೀಕ್ಷೆಯಲ್ಲಿ, ಜನರು ತೊಟ್ಟು ಓಡಿದ ಶೂಗಳು 500 ಮೈಲಿ, ಎಂದರೆ ಸುಮಾರು 800 ಕಿಲೋಮೀಟರಿನ ನಂತರ ಆಘಾತವನ್ನು ಹೀರುವ ಶಕ್ತಿಯಲ್ಲಿ ಸುಮಾರು 70 ಪ್ರತಿಶತವನ್ನು ಮಾತ್ರ ಉಳಿಸಿಕೊಂಡಿದ್ದುವು. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಮೆತ್ತೆ ಸತ್ತಿರಬಹುದು. ಆಮೇಲೆ ಬಂದ ಗಾಳಿಚೀಲಗಳನ್ನೂ ಜೆಲ್ಲುಗಳನ್ನೂ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅವು ಜಾಹೀರಾತಿಗೆ ಒದಗಿದಷ್ಟು ಅಟ್ಟೆಯ ತತ್ತ್ವಕ್ಕೆ ಒದಗಲಿಲ್ಲ.

ಈಗ ಪ್ರಮಾಣಗಳ ವಿಚಾರ. ಪ್ರತಿ ಶೂವಿಗೆ 100 ಗ್ರಾಂ ಭಾರ ಹೆಚ್ಚಿದರೆ ಓಟಗಾರನ ಆಮ್ಲಜನಕದ ವೆಚ್ಚ ಸುಮಾರು 1 ಪ್ರತಿಶತ ಏರುತ್ತದೆಂಬುದು 1980ರ ದಶಕದಿಂದ ಮತ್ತೆ ಮತ್ತೆ ಸಿದ್ಧವಾದ ಸಂಗತಿ. ಹಾಗಾದರೆ ಬರಿಗಾಲೇ ಮಿತವ್ಯಯವಲ್ಲವೆ? ಕೊಲೊರಾಡೊ ವಿಶ್ವವಿದ್ಯಾನಿಲಯದ ರಾಜರ್ ಕ್ರಾಮ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಇದನ್ನೇ ಪರೀಕ್ಷಿಸಿ, 150 ಗ್ರಾಂ ಆಸುಪಾಸಿನ ಮೆತ್ತೆಯುಳ್ಳ ಶೂವಿಗಿಂತ ಬರಿಗಾಲು ಮಿತವ್ಯಯಿಯಲ್ಲವೆಂದೂ, ಬರಿಗಾಲಿಗೆ ಅಷ್ಟೇ ತೂಕವನ್ನು ಕಟ್ಟಿ ಸಮಮಾಡಿದಾಗ ಶೂವೇ ಮೂರು ನಾಲ್ಕು ಪ್ರತಿಶತ ಅಗ್ಗವೆಂದೂ ತೋರಿಸಿದರು. ಮೆತ್ತೆಯು ತನ್ನ ತೂಕದ ಬೆಲೆಯನ್ನು ತಾನೇ ತೀರಿಸುತ್ತದೆಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗ ನನಗೆ ಕಂಡುಬಂದಿಲ್ಲ.

ಶ್ರಮದ ಉಳಿತಾಯ ಬೇರೆ, ಗಾಯದಿಂದ ರಕ್ಷಣೆ ಬೇರೆ. ಮೃದುವಾದ ಅಟ್ಟೆ ನೆಲದ ಪೆಟ್ಟನ್ನು ತಗ್ಗಿಸುವುದೆಂಬುದು ಸಹಜವಾದ ತರ್ಕವಾದರೂ, 1983ರ ಅಳತೆಗಳಲ್ಲಿಯೇ ಮೃದು ಮತ್ತು ಕಠಿಣ ಶೂಗಳ ನಡುವೆ ಆಘಾತದ ಗರಿಷ್ಠಮಾನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೆತ್ತಗಿನ ನೆಲವನ್ನು ಅರಿತ ಕಾಲು ತನ್ನ ಬಿಗುವನ್ನು ತಾನೇ ಹೆಚ್ಚಿಸಿಕೊಳ್ಳುವುದು ಇದಕ್ಕೆ ಒಂದು ವಿವರಣೆ. 2018ರಲ್ಲಿ ಫಿನ್ಲೆಂಡಿನ ಸಂಶೋಧಕರು, ಅತಿದಪ್ಪ ಮೆತ್ತೆಯ ಶೂವಿನಲ್ಲಿ ವೇಗವಾಗಿ ಓಡಿದಾಗ ಆಘಾತವು ಸಾಧಾರಣ ಶೂವಿನದಕ್ಕಿಂತ ಅಧಿಕವೆಂದು ಕಂಡರು. ಲಕ್ಸೆಂಬರ್ಗಿನ ಲೋರಾನ್ ಮಾಲಿಸೂ ಮತ್ತು ಸಂಗಡಿಗರು 800ಕ್ಕೂ ಹೆಚ್ಚು ಓಟಗಾರರಿಗೆ ಮೃದು ಮತ್ತು ಕಠಿಣ ಶೂಗಳನ್ನು, ಯಾವುದು ಯಾವುದೆಂದು ತಿಳಿಸದೆ ಹಂಚಿ, 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ವಿಚಿತ್ರ: ಮೃದುವಾದ ಶೂ ಗಾಯಗಳನ್ನು ತಗ್ಗಿಸಿತು ನಿಜ, ಆದರೆ ಪ್ರಯೋಜನ ಕಂಡುದು ಹಗುರ ಮೈಯವರಲ್ಲಿ, ಭಾರದ ಮೈಯವರಲ್ಲಲ್ಲ. ದಪ್ಪ ಮೈಯವರಿಗೆ ದಪ್ಪ ಮೆತ್ತೆಯೆಂಬ ಅಂಗಡಿಯವರ ಬುದ್ಧಿವಾದಕ್ಕೆ ಇದು ತದ್ವಿರುದ್ಧ.

2017ರಲ್ಲಿ ಬಂದ ನೈಕ್ ಸಂಸ್ಥೆಯ ವೇಪರ್‌ಫ್ಲೈ ಭಾರ‑ಮಾರ್ದವಗಳ ಸಂಧಾನವನ್ನು ಪರಾಕಾಷ್ಠೆಗೆ ಒಯ್ದಿತು. ಅದರ ಪಾಲಿಈಥರ್ ಬ್ಲಾಕ್ ಅಮೈಡ್ ಫೋಮ್ ಪಡೆದ ಶಕ್ತಿಯಲ್ಲಿ 87 ಪ್ರತಿಶತವನ್ನು ಹಿಂದಿರುಗಿಸುತ್ತದೆ. ಹೋಲಿಕೆಗೆಂದು ಪರೀಕ್ಷಿಸಿದ ಹಿಂದಿನ ಶೂಗಳದು 66 ಮತ್ತು 76. ಕ್ರಾಮ್ ಅವರ ಪ್ರಯೋಗಾಲಯದಲ್ಲಿಯೇ ತೂಕಗಳನ್ನು ಸಮಮಾಡಿ ನಡೆಸಿದ ಪರೀಕ್ಷೆಯಲ್ಲಿ ಓಟದ ವೆಚ್ಚ ಸರಾಸರಿ 4 ಪ್ರತಿಶತ ಇಳಿಯಿತು. 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯು ರಸ್ತೆಯ ಸ್ಪರ್ಧೆಗಳ ಶೂವಿನ ಅಟ್ಟೆ 40 ಮಿಲಿಮೀಟರನ್ನು ಮೀರಬಾರದೆಂದೂ, ಅಟ್ಟೆಯೊಳಗೆ ಕೂಡಿಸುವ ಗಡಸು ಹಲಗೆ ಒಂದಕ್ಕಿಂತ ಹೆಚ್ಚಿರಬಾರದೆಂದೂ ವಿಧಿಸಬೇಕಾಯಿತು. 2023ರಲ್ಲಿ ಬರ್ಲಿನ್ನಿನಲ್ಲಿ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡುಗಳ ಅಂದಿನ ಮಹಿಳಾ ವಿಶ್ವದಾಖಲೆಯನ್ನು ಸ್ಥಾಪಿಸಿದಾಗ ಧರಿಸಿದ್ದ ಅಡಿಡಾಸ್ ಶೂವಿನ ತೂಕ ಕೇವಲ 138 ಗ್ರಾಂ. ಅದರ ಆಯುಷ್ಯವೋ, ತಯಾರಕರ ಮಾತಿನಲ್ಲಿಯೇ, ಒಂದು ಮ್ಯಾರಥಾನಿನದು.

ನಿತ್ಯದ ಅಭ್ಯಾಸಕ್ಕೆ ಶೂ ಆರಿಸುವವನು ಈ ಸ್ಪರ್ಧೆಯ ಶೂವನ್ನು ಆದರ್ಶವೆಂದು ಭಾವಿಸಬೇಕಾಗಿಲ್ಲ. ವಾರಕ್ಕೆ ಐವತ್ತು ಕಿಲೋಮೀಟರು ತುಳಿಸಿಕೊಂಡು ನಾಲ್ಕು ತಿಂಗಳಾದರೂ ಬಾಳುವ ಅಟ್ಟೆ ಅವನಿಗೆ ಬೇಕು. ಅದಕ್ಕಾಗಿ ಐವತ್ತು ಗ್ರಾಂ ಹೆಚ್ಚು ಹೊರುವುದರಿಂದ ಆಗುವ ನಷ್ಟ, ಮೇಲಿನ ಲೆಕ್ಕದಂತೆ, ಅರ್ಧ ಪ್ರತಿಶತ. ಮಾರ್ದವದ ವಿಷಯದಲ್ಲಿ ಕ್ಯಾಲ್ಗರಿಯ ಸಂಶೋಧಕ ಬೆನ್ನೊ ನಿಗ್ ಅವರು 2015ರಲ್ಲಿ ಮಂಡಿಸಿದ ವಾದ, ಪಾದಕ್ಕೆ ಹಿತವೆನಿಸಿದುದನ್ನೇ ಆರಿಸಬೇಕೆಂಬುದು, ವಿನಯದಿಂದ ಕೂಡಿರುವುದರಿಂದಲೇ ನನಗೆ ಒಪ್ಪಿಗೆಯಾಗುತ್ತದೆ. ಪಾದವು ತುಸು ಊದಿರುವ ಸಂಜೆಯ ವೇಳೆ ಅಂಗಡಿಗೆ ಹೋಗಿ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ, ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಅಗಲ ಬಿಡುವಿದೆಯೇ ಎಂದು ಒತ್ತಿ ನೋಡಿ, ಸಾಧ್ಯವಾದರೆ ಹೊರಗಿನ ಗಟ್ಟಿ ನೆಲದ ಮೇಲೆ ನಾಲ್ಕು ಮಾರು ಓಡಿ ಬರುವುದು ಯಾವ ಕೋಷ್ಟಕಕ್ಕಿಂತಲೂ ಹೆಚ್ಚಿನದನ್ನು ತಿಳಿಸುತ್ತದೆ. ಕೊಂಡ ಮೇಲೆ ಹಳೆಯ ಜೊತೆ ಇನ್ನೂ ಗಟ್ಟಿಯಾಗಿದ್ದರೆ ಎಸೆಯದೆ ಎರಡನ್ನೂ ಸರದಿಯ ಮೇಲೆ ಬಳಸುವುದು ಮೇಲು. ಲಕ್ಸೆಂಬರ್ಗಿನವರು 264 ಓಟಗಾರರನ್ನು 22 ವಾರ ಗಮನಿಸಿ 2015ರಲ್ಲಿ ವರದಿಮಾಡಿದಂತೆ, ಒಂದಕ್ಕಿಂತ ಹೆಚ್ಚು ಜೊತೆಗಳನ್ನು ಬದಲಿಸಿ ಬದಲಿಸಿ ತೊಡುತ್ತಿದ್ದವರಲ್ಲಿ ಗಾಯದ ಸಂಭವ 39 ಪ್ರತಿಶತ ಕಡಿಮೆಯಾಗಿತ್ತು.